ಹಿಮಕ್ಕೆ ಮೀನಿನ ವಾಸನೆ

ಹಿಮವನ್ನು ಕಣ್ಣಾರೆ ನೋಡುವ ಮೊದಲು ನಾನು ಹನ್ನೊಂದು ವರ್ಷ ಹಿಮ ಮಾರಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟ್ರಾವೆಲ್ ಆಫೀಸುಗಳಿಗೆ ಹೊಸದಾಗಿ ಸೇರಿದ ಊರಿನ ಮಕ್ಕಳು ಈಗ ನನಗೆ ಫೋನ್ ಮಾಡಿ, "ಸುಧಾಕರಣ್ಣ, ಈ ಐಸ್‌ಲ್ಯಾಂಡ್ ಡೆಸ್ಕಿಗೆ ಎಂತ ಕಲಿಬೇಕು?" ಎಂದು ಕೇಳುತ್ತಾರೆ. ಯಾವ ವರ್ಷ ಯಾವ ಕುರ್ಚಿಗೆ ಬಡ್ತಿ ಸಿಕ್ಕಿತು ಎಂದು ಬರೆದರೆ ಅವರಿಗೆ ನಿದ್ದೆ ಬರುತ್ತದೆ. ಅದಕ್ಕೇ ನನ್ನ ಎಡವಟ್ಟುಗಳನ್ನು ಬರೆಯುತ್ತಿದ್ದೇನೆ. ಅವುಗಳಿಗೇನೂ ಬರವಿಲ್ಲ.

ಸೌದಿಗೆ ಬಂದ ಹೊಸತರಲ್ಲಿ ನಾನು ಅಲ್ ಖಫ್ಜಿಯ ತೈಲ ಕ್ಯಾಂಪಿನಲ್ಲಿದ್ದೆ. ರಜೆಗೆ ಹೋಗುವವರ ಟಿಕೆಟ್ ನೋಡಿಕೊಳ್ಳುವ ಗುಮಾಸ್ತನ ಕೆಲಸ. ಅಲ್ಲಿ ನಾರ್ವೆಯ ಒಬ್ಬ ಇಂಜಿನಿಯರ್ ಇದ್ದ. ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟುವಂಥ ಬಿಸಿಲಿನಲ್ಲಿ ಅವನು ತನ್ನ ಆಲ್ಬಮ್ ಬಿಚ್ಚಿ ಕೂರುತ್ತಿದ್ದ. ಹಿಮನದಿ, ಜ್ವಾಲಾಮುಖಿ, ಕಪ್ಪು ಮರಳಿನ ಕಡಲತೀರ. ಬೆನ್ನಿಗೆ ಚೀಲ ಹಾಕಿಕೊಂಡು ಐಸ್‌ಲ್ಯಾಂಡಿನಲ್ಲಿ ಎರಡು ಸಲ ಅಲೆದು ಬಂದವನು ಅವನು. ಕೇಳಿ ಕೇಳಿ ಆ ಆಲ್ಬಮ್ ನನಗೆ ಬಾಯಿಪಾಠವಾಗಿತ್ತು.

ಮುಂದೆ ಅಲ್ ಖೋಬರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಚಳಿ ದೇಶಗಳ ಸಾಹಸ ಪ್ರವಾಸಕ್ಕೆಂದೇ ಒಂದು ಡೆಸ್ಕ್ ತೆರೆಯುತ್ತಾರೆಂದು ತಿಳಿದು ಸಂದರ್ಶನಕ್ಕೆ ಹೋದೆ. ಆಫೀಸಿನ ಮಾಲೀಕರು ಅಬು ಸಾಲೇಹ್. ಎಲ್ಲರೂ ಅವರನ್ನು ಮುದೀರ್ ಎಂದೇ ಕರೆಯುತ್ತಿದ್ದರು, ಅಂದರೆ ಮ್ಯಾನೇಜರ್. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಐಸ್‌ಲ್ಯಾಂಡ್ ನೋಡಿದ್ದೀಯಾ?"

"ಎರಡು ಸಲ" ಎಂದೆ. ಬಾಯಿ ನನ್ನದು, ಉತ್ತರ ಆ ಇಂಜಿನಿಯರನದು. ಅದೇ ಉಸಿರಿನಲ್ಲಿ ಅವನ ಆಲ್ಬಮ್ಮನ್ನೂ ಇಡಿಯಾಗಿ ವರ್ಣಿಸಿಬಿಟ್ಟೆ.

ಮುದೀರ್ ತಲೆದೂಗಿದರು. ಆಗಿನ ರೂಢಿಯಂತೆ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು ತಮ್ಮ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೆಲಸ ಸಿಕ್ಕಿತು. ಜೊತೆಗೆ ಹನ್ನೊಂದು ವರ್ಷದ ಹೊಟ್ಟೆನೋವೂ ಸಿಕ್ಕಿತು. ಸುಳ್ಳು ಹೊರಬಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಹೋಗುತ್ತದೆ, ಇಕಾಮಾ ಹೋದರೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಯ ನಡುವರ್ಷದಲ್ಲಿ ಎಬ್ಬಿಸಿಕೊಂಡು ಮಲ್ಪೆಗೆ ಹೊರಡಬೇಕು. ಯಾರಾದರೂ "ನೀನು ಹೋದಾಗ ಹೇಗಿತ್ತು?" ಎಂದು ಕೇಳಿದರೆ ಸಾಕು, ನನ್ನ ಅಂಗೈ ಬೆವರುತ್ತಿತ್ತು.

ಚಳಿ ಅಂದರೇನು ಎಂದು ಮೊದಲು ಕಲಿಯಬೇಕಿತ್ತು. ನನ್ನ ಮನೆಯಿದ್ದ ಥುಕ್ಬಾದಲ್ಲೇ ಉಳ್ಳಾಲದ ಹಮೀದನ ಮೀನಿನ ಕೋಲ್ಡ್ ಸ್ಟೋರೇಜ್ ಇತ್ತು. ಒಳಗೆ ಮೈನಸ್ ಹದಿನೆಂಟು ಡಿಗ್ರಿ. ಆಫೀಸಿನಿಂದ ಗಿರಾಕಿಗಳಿಗೆ ಬಾಡಿಗೆಗೆ ಕೊಡುವ ಹಕ್ಕಿಗರಿ ತುಂಬಿದ ಜಾಕೆಟ್, ಉಣ್ಣೆಯ ಟೋಪಿ, ಬೂಟು, ಗ್ಲೌಸ್ ಎಲ್ಲ ಹಾಕಿಕೊಂಡು ಒಂದು ಶುಕ್ರವಾರ ಒಳಗೆ ಹೋಗಿ ಕೂತೆ. ಎರಡೂ ಕಡೆ ಅಂಜಲ್, ಮಾಂಜಿ ಮೀನಿನ ಪೆಟ್ಟಿಗೆಗಳು. ಹಮೀದ್ ಬಾಗಿಲಿನ ಸಂದಿಯಲ್ಲಿ ಇಣುಕಿ ನೋಡಿ ನಗತೊಡಗಿದ.

"ನೀವು ಎಂತ ಮಾರಾಯ್ರೆ, ಹಿಮ ನೋಡದೆ ಹಿಮ ಮಾರುದಾ? ನಾನಾದ್ರೂ ಮೀನು ನೋಡಿ ಮೀನು ಮಾರ್ತೇನೆ."

"ಬಾಗಿಲು ಹಾಕು ಹಮೀದ್, ಚಳಿ ಹೊರಗೆ ಹೋಗ್ತದೆ" ಎಂದೆ.

ಒಂದು ಗಂಟೆ ಕೂತೆ. ಉಸಿರು ಹೇಗೆ ಹೊಗೆಯಾಗುತ್ತದೆ, ಮೀಸೆ ಹೇಗೆ ಗಟ್ಟಿಯಾಗುತ್ತದೆ, ಯಾವ ಬೆರಳು ಮೊದಲು ಮರಗಟ್ಟುತ್ತದೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಗಿರಾಕಿಗಳಿಗೆ ಅದನ್ನೇ ಹೇಳತೊಡಗಿದೆ. ಒಂದು ಮಾತನ್ನಂತೂ ತಪ್ಪಿಸುತ್ತಿರಲಿಲ್ಲ. "ಅಲ್ಲಿಯ ಹಿಮಕ್ಕೆ ಒಂದು ವಾಸನೆ ಇದೆ. ಸಣ್ಣಗೆ, ಸಮುದ್ರದ್ದು, ಮೀನಿನದ್ದು. ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ." ನಾನು ಇದನ್ನು ಬೇಕೆಂದೇ ಕಟ್ಟಿದ್ದಲ್ಲ. ಚಳಿಗೆ ಮೀನಿನ ವಾಸನೆ ಇರುತ್ತದೆ ಎಂದು ನಿಜವಾಗಿ ನಂಬಿದ್ದೆ, ನಾನು ಕಂಡ ಚಳಿಗೆ ಇತ್ತಲ್ಲ! ಹೋಗಿ ಬಂದ ಗಿರಾಕಿಗಳಲ್ಲಿ ಒಬ್ಬರೂ ಇಲ್ಲವೆನ್ನಲಿಲ್ಲ. ಕೆಲವರು "ಹೌದು ಸದೀಕ್, ನೀನು ಹೇಳಿದ ಹಾಗೇ ಇತ್ತು" ಎಂದೂ ಅಂದರು. ಸದೀಕ್ ಅಂದರೆ ಗೆಳೆಯ, ಇಲ್ಲಿ ನಮ್ಮಂಥವರನ್ನು ಕರೆಯುವುದೇ ಹಾಗೆ.

ನಾನು ಹೀಗೆ ವರ್ಣಿಸುವಾಗೆಲ್ಲ ಮುದೀರ್ ಕಾಫಿಯ ಪುಟ್ಟ ಕಪ್ಪು ಹಿಡಿದುಕೊಂಡು ಅಡ್ಡಗೋಡೆಯ ಹಿಂದೆ ನಿಲ್ಲುತ್ತಿದ್ದರು. ಅವರ ತೋಬಿನ, ಆ ಉದ್ದದ ಬಿಳಿ ನಿಲುವಂಗಿಯ, ಅಂಚು ನನಗೆ ಕಾಣುತ್ತಿತ್ತು. ನನ್ನ ಮೇಲೆ ಕಣ್ಣಿಟ್ಟಿದ್ದಾರೆಂದೇ ನಾನು ತಿಳಿದಿದ್ದೆ.

ಎಡವಟ್ಟುಗಳಲ್ಲಿ ದೊಡ್ಡದು ಉತ್ತರದ ಬೆಳಕಿನದು. ಆಕಾಶದಲ್ಲಿ ಹಸಿರು ಬೆಳಕು ಕುಣಿಯುವ ಫೋಟೋವನ್ನು ನಾನೇ ಗೋಡೆಗೆ ಅಂಟಿಸಿದ್ದೆ. ಹೊಸದಾಗಿ ಮದುವೆಯಾದ ಒಬ್ಬ ಯುವಕ ಅದನ್ನು ನೋಡಿ ಮನಸೋತ. ಬೇಸಿಗೆಯ ರಜೆಯಿದೆ, ಜೂನಿನಲ್ಲಿ ಹೋಗಬಹುದೇ ಎಂದು ಕೇಳಿದ. "ಧಾರಾಳವಾಗಿ" ಎಂದೆ. ಜೂನಿನಲ್ಲಿ ಅಲ್ಲಿ ಕತ್ತಲೆಯೇ ಆಗುವುದಿಲ್ಲ ಎಂಬುದು ಆಲ್ಬಮ್ಮಿನಲ್ಲೂ ಇರಲಿಲ್ಲ, ಕೋಲ್ಡ್ ಸ್ಟೋರೇಜಿನಲ್ಲೂ ಇರಲಿಲ್ಲ. ಏಳು ದಿನ ಆ ಗಂಡಹೆಂಡತಿ ಕಿಟಕಿಯ ಬಳಿ ಕೂತು ಕತ್ತಲಾಗಲೆಂದು ಕಾದರಂತೆ. ಹಿಂದಿರುಗಿದವನು ನೇರ ನನ್ನ ಮೇಜಿಗೆ ಬಂದ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಸದೀಕ್, ಬೆಳಕು ಬೇಕಾದಷ್ಟಿತ್ತು. ರಾತ್ರಿ ಎಲ್ಲಿ?"

ಮುದೀರ್ ಅವನನ್ನು ಕೂರಿಸಿ, ಖರ್ಜೂರ ಕೊಟ್ಟು, ಮುಂದಿನ ಚಳಿಗಾಲದಲ್ಲಿ ಮತ್ತೊಮ್ಮೆ ಕಳಿಸುವುದಾಗಿ ಮಾತು ಕೊಟ್ಟರು. ನನಗೆ ಬೈಯಲಿಲ್ಲ. "ಎರಡು ಸಲ ಹೋದವನಿಗೆ ಇದು ಗೊತ್ತಿರಬೇಕಿತ್ತು" ಎಂದಷ್ಟೇ ಹೇಳಿ ಕಾಫಿಯ ಕಪ್ಪು ಕೆಳಗಿಟ್ಟರು. "ನಾನು ಹೋದದ್ದು ಚಳಿಗಾಲದಲ್ಲಿ" ಎಂದು ತೊದಲಿದೆ. ಅಂದಿನಿಂದ ಪ್ರತಿ ಊರಿನ ಸೂರ್ಯೋದಯ, ಸೂರ್ಯಾಸ್ತದ ಪಟ್ಟಿ ಮೇಜಿನ ಗಾಜಿನ ಕೆಳಗೆ ಬಂತು. ನಮ್ಮ ಗಿರಾಕಿಗಳಿಗೆ ನಮಾಜಿನ ಹೊತ್ತಿಗೂ ಅದೇ ಬೇಕಾಗುತ್ತಿತ್ತು. ಈಗ ಫೋನೇ ಎಲ್ಲ ಹೇಳುತ್ತದೆ, ಆದರೂ ಒಮ್ಮೆ ನೀವೇ ನೋಡಿಕೊಳ್ಳಿ.

ಇನ್ನೊಮ್ಮೆ ಸೌದಿಯ ದಕ್ಷಿಣದ ಜಿಜಾನಿನ ಮೇಲಿನ ಬೆಟ್ಟದ ಹಳ್ಳಿಯವರೊಬ್ಬರು ಬಂದರು, ಐವತ್ತು ದಾಟಿದವರು, ಕಡ್ಡಿಯಂಥ ಮೈ. ಬೆಟ್ಟ ಹತ್ತಲು ಎಂಥ ಬೂಟು ಹಾಕಬೇಕು, ಹೆಜ್ಜೆ ಹೇಗಿಡಬೇಕು ಎಂದು ನಾನು ಅರ್ಧ ಗಂಟೆ ಪಾಠ ಮಾಡಿದೆ. ಪಾಪ, ಸುಮ್ಮನೆ ಕೇಳಿದರು. ವಾರದ ನಂತರ ಅಲ್ಲಿಯ ಗೈಡ್ ಫೋಟೋ ಕಳಿಸಿದ. ಮನುಷ್ಯ ಬೂಟುಗಳನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಬರೀ ಚಪ್ಪಲಿಯಲ್ಲಿ ಲಾವಾ ಬೆಟ್ಟದ ತುದಿಯಲ್ಲಿ ನಿಂತಿದ್ದಾರೆ. ಗೈಡ್ ಇನ್ನೂ ಅರ್ಧದಾರಿಯಲ್ಲಿದ್ದ. ಹತ್ತುವುದು ಗೊತ್ತಿದ್ದವರಿಗೆ ಪಾಠ ಮಾಡಬಾರದೆಂದು ಅಂದು ಕಲಿತೆ. ನಾನು ಹುಟ್ಟಿ ಬೆಳೆದದ್ದು ಕಡಲತೀರದ ಚಪ್ಪಟೆ ಮರಳಿನಲ್ಲಿ, ನನಗೆ ಬೆಟ್ಟದ ಮಾತು ಯಾಕೆ ಬೇಕಿತ್ತು?

ಇಷ್ಟೆಲ್ಲ ಆಗಿಯೂ ಬಚಾವಾಗಿದ್ದೆ. ಹನ್ನೊಂದನೆಯ ವರ್ಷ ಉಮ್ಮ್ ಖಾಲಿದ್ ಬಂದರು.

ಎಪ್ಪತ್ತು ದಾಟಿದ ಅಜ್ಜಿ. ಮಗ ಖಾಲಿದ್ ನಮ್ಮ ಮುದೀರರ ಹಳೆಯ ಸ್ನೇಹಿತ. ಅವನು ಹೆಂಡತಿ, ಮೂವರು ಮಕ್ಕಳ ಜೊತೆ ಐಸ್‌ಲ್ಯಾಂಡಿಗೆ ಹೊರಟಿದ್ದ. ಅಜ್ಜಿಗೆ ಸಾಹಸ ಬೇಕಿರಲಿಲ್ಲ, ಅವರಿಗೆ ಬೇಕಾದದ್ದು ಒಂದೇ. ಅವರೇ ಹೇಳಿದರು:

"ನಾನು ಚಿಕ್ಕವಳಿದ್ದಾಗ ನನ್ನ ಅಪ್ಪ ಗೋಣಿಯಲ್ಲಿ ಸುತ್ತಿ ಮಂಜುಗಡ್ಡೆ ತರುತ್ತಿದ್ದರು. ಮನೆ ಸೇರುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ಮೊದಲು ನೆಕ್ಕುವವಳು ನಾನೇ. ಅದು ಕಾರ್ಖಾನೆಯದ್ದು. ಯಾರೂ ಮಾಡದ ಮಂಜುಗಡ್ಡೆ ಇದೆಯಂತಲ್ಲ, ಅದನ್ನೊಮ್ಮೆ ಮುಟ್ಟಬೇಕು. ಮಂಡಿ ಇನ್ನು ಒಂದು ವರ್ಷ ತಡೆದೀತು, ಅಷ್ಟೇ."

ನಾನು ಉಮೇದಿನಿಂದ ಎಲ್ಲ ವರ್ಣಿಸಿದೆ, ವಾಸನೆಯ ಸಮೇತ. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಕೇಳಿ ಮುಗಿಸಿ ಮಗನ ಕಡೆ ತಿರುಗಿದರು. "ಈ ಸದೀಕ್ ಜೊತೆಗೆ ಬಂದರೆ ಮಾತ್ರ ನಾನು ಬರುತ್ತೇನೆ. ಇವನಿಗೆ ದಾರಿ ಗೊತ್ತು."

ಆಫೀಸಿನಲ್ಲಿ ಕೆಲಸ ಜಾಸ್ತಿ ಇದೆ ಎಂದೆ, ಮಗಳ ಪರೀಕ್ಷೆ ಎಂದೆ, ಬೆನ್ನುನೋವು ಎಂದೆ. ಮುದೀರ್ ಎದ್ದು ಹೋಗಿ ಕಪಾಟಿನಿಂದ ನನ್ನ ಪಾಸ್‌ಪೋರ್ಟ್ ತಂದು ವೀಸಾಕ್ಕೆಂದು ಕೈಗಿಟ್ಟರು. "ಯಲ್ಲಾ, ಹೋಗಿ ಬಾ. ನಿನಗೆ ಅಭ್ಯಾಸ ಇದೆಯಲ್ಲ" ಎಂದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

ಹೊರಡುವ ಮುನ್ನ ಹಮೀದನ ಹತ್ತಿರ ಹೋಗಿ ಗೋಳು ತೋಡಿಕೊಂಡೆ.

"ಹೆದರ್‍ಬೇಡಿ ಮಾರಾಯ್ರೆ" ಎಂದ ಅವನು. "ಮೈನಸ್ ಹದಿನೆಂಟರಲ್ಲಿ ಕೂತವರು ನೀವು. ಅಲ್ಲಿ ಸೆಪ್ಟೆಂಬರಿನಲ್ಲಿ ಪ್ಲಸ್ ಐದು ಉಂಟಂತೆ. ಅದೆಂತ ಚಳಿಯಾ?"

ನನಗೂ ಧೈರ್ಯ ಬಂತು. ಏಳು ಜನರಿಗೂ ಅತ್ಯಂತ ದಪ್ಪದ ಗರಿಯ ಜಾಕೆಟ್‌ಗಳನ್ನೇ ಕಟ್ಟಿಸಿದೆ.

ಇಲ್ಲೇ ನಾನು ಮಾಡಿದ ತಪ್ಪು, ನಮ್ಮ ಕರಾವಳಿಯವನು ಸೌದಿಯಲ್ಲಿ ಕೂತು ಮಾತ್ರ ಮಾಡಬಹುದಾದ ತಪ್ಪು. ಕೋಲ್ಡ್ ಸ್ಟೋರೇಜಿನಲ್ಲಿ ಗಾಳಿ ಬೀಸುವುದಿಲ್ಲ. ಮಳೆ ಬರುವುದಿಲ್ಲ. ಮಲ್ಪೆಯ ಜೂನ್ ಜುಲೈ ತಿಂಗಳ ಕಡಲಗಾಳಿಯಲ್ಲಿ ಬೆಳೆದ ನಾನು, ಇಷ್ಟು ವರ್ಷ ಮಳೆಯಿಲ್ಲದ ನಾಡಿನಲ್ಲಿದ್ದು ಮಳೆಯನ್ನೇ ಮರೆತಿದ್ದೆ. ಐಸ್‌ಲ್ಯಾಂಡಿನ ಮೊದಲ ಜಲಪಾತದ ಬಳಿ ವ್ಯಾನಿನಿಂದ ಇಳಿದದ್ದೇ ತಡ, ಮಳೆ ಮೇಲಿನಿಂದಲ್ಲ, ಪಕ್ಕದಿಂದ ಬಂತು. ಹತ್ತು ನಿಮಿಷದಲ್ಲಿ ಗರಿಯ ಜಾಕೆಟ್‌ಗಳೆಲ್ಲ ನೀರು ಕುಡಿದು ಜೋತುಬಿದ್ದವು. ಮೂವರು ಮೊಮ್ಮಕ್ಕಳು ನೆನೆದ ಕೋಳಿಗಳಂತೆ ನಿಂತಿದ್ದರು. ಅಜ್ಜಿಯ ತುಟಿ ನೀಲಿಯಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನನ್ನ ಸುಳ್ಳಿಗೆ ಅಷ್ಟರವರೆಗೆ ನಾನೊಬ್ಬನೇ ನಡುಗಿದ್ದೆ, ಈಗ ಒಬ್ಬ ಮುದುಕಿ ನಡುಗುತ್ತಿದ್ದರು.

ಅಲ್ಲಿಯ ಗೈಡ್ ಹೆಲ್ಗಾ ಎಂಬ ಗಟ್ಟಿಗಿತ್ತಿ. ಎಲ್ಲರನ್ನೂ ವ್ಯಾನಿಗೆ ತುಂಬಿ ಹೀಟರ್ ಹಾಕಿ, ನನ್ನನ್ನು ಬದಿಗೆ ಕರೆದಳು.

"ನೀವು ಎರಡು ಸಲ ಬಂದವರು ಅಂತ ಖಾಲಿದ್ ಹೇಳಿದರು. ಈ ಮಳೆಗೆ ಗರಿಯ ಜಾಕೆಟ್ ಯಾರು ತರುತ್ತಾರೆ?"

ನಾನು ಬೂಟು ನೋಡಿಕೊಂಡೆ.

"ನೀರು ಇಳಿಯದ ಬಟ್ಟೆ ಇಲ್ಲದೆ ಅಜ್ಜಿಯನ್ನು ನಾಳೆ ಹಿಮನದಿಗೆ ಕರೆದುಕೊಂಡು ಹೋಗುವುದಿಲ್ಲ. ನಾಳೆ ಭಾನುವಾರ, ಈ ಊರಿನ ಅಂಗಡಿ ತೆರೆಯುವುದಿಲ್ಲ. ನಾಡಿದ್ದು ನೀವು ಹಿಂದಿರುಗುತ್ತೀರಿ" ಎಂದಳು.

ಲೆಕ್ಕ ಸರಳವಾಗಿತ್ತು. ನಾಳೆ ತಪ್ಪಿದರೆ ಅಜ್ಜಿಯ ಮಂಡಿಗೆ ಇನ್ನೊಂದು ನಾಳೆ ಇಲ್ಲ.

ಬೆಳಿಗ್ಗೆ ಎದ್ದು ಅತಿಥಿಗೃಹದ ಹೊರಗೆ ನಿಂತಿದ್ದೆ. ಗಾಳಿಯಲ್ಲಿ ಪರಿಚಿತವಾದ ಏನೋ ಬಂತು. ಮೀನು! ಮೂಗು ತೋರಿದ ದಾರಿಯಲ್ಲಿ ಇಳಿದು ಹೋದೆ. ಸಣ್ಣ ಬಂದರು, ಆಗತಾನೇ ಬಂದ ಒಂದು ಬೋಟು, ಪೆಟ್ಟಿಗೆ ಇಳಿಸುತ್ತಿದ್ದ ಜನ. ಅವರ ಮೈಮೇಲೆ ಕಿತ್ತಳೆ ಬಣ್ಣದ ರಬ್ಬರಿನ ಪ್ಯಾಂಟು, ಕೋಟು, ಟೋಪಿ. ಮಳೆ ಅವರ ಮೇಲೆ ಬಿದ್ದು ಹಾಗೇ ಜಾರಿ ಹೋಗುತ್ತಿತ್ತು. ನನ್ನ ಅಪ್ಪ ದೋಣಿಗೆ ಹೋಗುವಾಗ ಹಾಕುತ್ತಿದ್ದ ಪ್ಲಾಸ್ಟಿಕ್ ಕೋಟು ನೆನಪಾಯಿತು. ನನ್ನ ತಲೆಗೇ ಒಂದು ಬಾರಿಸಿಕೊಂಡೆ. ಮೀನುಗಾರನ ಮಗನಿಗೆ ಇದು ಹೊಳೆಯಲು ಹಿಮದ ದೇಶದವರೆಗೆ ಬರಬೇಕಾಯಿತೇ!

ಅಲ್ಲಿಯ ಮೇಸ್ತ್ರಿ ಪೋಲೆಂಡಿನವನು. ನನ್ನ ಹಾಗೇ ಹೊಟ್ಟೆಪಾಡಿಗೆ ಪರದೇಶಕ್ಕೆ ಬಂದವನು. ಅವನ ಇಂಗ್ಲಿಷ್ ನನ್ನದಕ್ಕಿಂತ ಮೋಸ, ಹಾಗಾಗಿ ಮಾತು ಸಲೀಸಾಗಿ ನಡೆಯಿತು. ಅಜ್ಜಿಯ ಕತೆ ಹೇಳಿದೆ, ಮಂಡಿ ಮುಟ್ಟಿ ತೋರಿಸಿದೆ, ಮಂಜುಗಡ್ಡೆ ನೆಕ್ಕುವ ಹಾಗೆ ಅಭಿನಯಿಸಿದೆ. ಅವನು ಬಿದ್ದು ಬಿದ್ದು ನಕ್ಕು, ಶೆಡ್ಡಿನಿಂದ ಏಳು ಜೊತೆ ಹಳೆಯ ಉಡುಪು ತೆಗೆಸಿಕೊಟ್ಟ. ಉಮ್ಮ್ ಖಾಲಿದ್ ಅವನಿಗೆ ಮನೆಯಿಂದ ತಂದ ಖರ್ಜೂರದ ಎರಡು ಡಬ್ಬಿ ಕಳಿಸಿದರು. ಸಂಜೆ ಉಡುಪು ಮರಳಿಸುವಾಗ ಅವನು ಒಂದು ಕೋಟನ್ನು ನನಗೇ ಇರಲೆಂದು ಬಿಟ್ಟುಕೊಟ್ಟ.

ಉಡುಪೇನೋ ನೀರಿಗೆ ಜಗ್ಗುವಂಥದ್ದಲ್ಲ. ಆದರೆ ನಾತ! ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ವ್ಯಾನಿನ ಕಿಟಕಿ ತೆರೆದುಕೊಂಡೇ ಹೋದೆವು. ಅಬಾಯದ ಮೇಲೆ ಕಿತ್ತಳೆ ಕೋಟು ತೊಟ್ಟ ಅಜ್ಜಿ ಮುಂದಿನ ಸೀಟಿನಲ್ಲಿ ದೋಣಿ ನಡೆಸುವ ತಂಡೇಲನ ಠೀವಿಯಲ್ಲಿ ಕೂತಿದ್ದರು.

ಹಿಮನದಿಯ ಅಂಚು. ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿ, ಹೆಲ್ಗಾ ಒಂದು ತೋಳು, ಖಾಲಿದ್ ಒಂದು ತೋಳು ಹಿಡಿದು ಅಜ್ಜಿಯನ್ನು ಹತ್ತಿಸಿದರು. ನಾನು ಹಿಂದೆ. ಕಾಲಡಿಯಲ್ಲಿ ನೀಲಿ, ಬೂದಿಯ ಕಪ್ಪು ಗೆರೆ, ಕಣ್ಣು ಹೋದಷ್ಟು ದೂರ ಮಂಜುಗಡ್ಡೆ. ಹನ್ನೊಂದು ವರ್ಷ ನಾನು ಹೇಳಿದ್ದು ಯಾವುದೂ ಇದರ ಹತ್ತಿರಕ್ಕೂ ಬಂದಿರಲಿಲ್ಲ.

ಅಷ್ಟರಲ್ಲಿ ಖಾಲಿದ್ ಮೂಗರಳಿಸಿ ಕೂಗಿದ. "ವಲ್ಲಾಹಿ, ಸದೀಕ್ ಹೇಳಿದ್ದು ನಿಜ! ಮೀನಿನ ವಾಸನೆ!"

"ಹೌದು, ಹೌದು!" ಎಂದು ಮಕ್ಕಳೂ ಕುಣಿದರು.

ಅಜ್ಜಿ ಗ್ಲೌಸ್ ಕಳಚಿ, ಬಾಗಿ, ಒಂದು ಚೂರು ಮಂಜುಗಡ್ಡೆ ಎತ್ತಿಕೊಂಡರು. ಮೂಗಿನ ಹತ್ತಿರ ತಂದರು. ಆಮೇಲೆ ಕೋಟಿನ ತೋಳನ್ನು ಮೂಸಿದರು. ಮತ್ತೆ ಮಂಜುಗಡ್ಡೆಯನ್ನು ಮೂಸಿದರು. ಮಗ, ಮೊಮ್ಮಕ್ಕಳು ಫೋಟೋ ತೆಗೆಯಲು ಆಚೆ ಹೋದ ಮೇಲೆ ನನ್ನನ್ನು ಕೈಸನ್ನೆ ಮಾಡಿ ಕರೆದರು.

"ಸದೀಕ್, ವಾಸನೆ ಕೋಟಿನದ್ದು. ಮಂಜುಗಡ್ಡೆಗೆ ಏನೂ ಇಲ್ಲ. ನೀನು ಇಲ್ಲಿಗೆ ಎಷ್ಟು ಸಲ ಬಂದಿದ್ದೀಯ?"

ಇನ್ನೂ ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನೀಲಿ ತುಟಿ ನೆನಪಾಗಿ ನುಂಗಿಕೊಂಡೆ. "ಇವತ್ತೇ ಮೊದಲು, ಅಮ್ಮಾ" ಎಂದೆ. ಕೋಲ್ಡ್ ಸ್ಟೋರೇಜಿನ ಕತೆಯನ್ನೂ ಹೇಳಿದೆ.

ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ನಗುತ್ತಿದ್ದರು. ನಗು ನಿಂತ ಮೇಲೆ ಚೂರನ್ನು ಎರಡು ಮಾಡಿ, ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ನಾನೂ ಇಟ್ಟುಕೊಂಡೆ. ಆ ಗಳಿಗೆಯಲ್ಲಿ ನನಗೆ ಕೆಲಸ, ಇಕಾಮಾ ಯಾವುದೂ ನೆನಪಿರಲಿಲ್ಲ, ಸುಮ್ಮನೆ ಸಂತೋಷವಾಯಿತು.

ಇಳಿಯುವಾಗ ಅವರು ಹೇಳಿದರು. "ಅಬು ಸಾಲೇಹ್‌ಗೆ ನಾನು ಹೇಳಿದರೆ ಚಾಡಿಯಾಗುತ್ತದೆ. ನೀನೇ ಹೇಳು. ಹೇಳಿದ್ದೀಯೋ ಇಲ್ಲವೋ ಎಂದು ನಾನು ಕೇಳುತ್ತೇನೆ."

ಖೋಬರಿಗೆ ಮರಳಿದ ಮರುದಿನ, ಹೆಂಡತಿಗೆ "ಸೂಟ್‌ಕೇಸ್ ಬಿಚ್ಚಬೇಡ" ಎಂದು ಹೇಳಿ ಆಫೀಸಿಗೆ ಹೋದೆ. ಮುದೀರರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಇಂಜಿನಿಯರನ ಆಲ್ಬಮ್, ಹಮೀದನ ಕೋಲ್ಡ್ ಸ್ಟೋರೇಜ್, ಗರಿಯ ಜಾಕೆಟ್, ಅಜ್ಜಿಯ ತುಟಿ. ಕೊನೆಗೆ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟೆ.

ಅವರು ಅದನ್ನು ಎತ್ತಿಕೊಂಡು, ಹೊಸ ಮೊಹರು ಬಿದ್ದ ಪುಟ ತೆರೆದು ನೋಡಿದರು.

"ಹನ್ನೊಂದು ವರ್ಷ ಇದು ಎಲ್ಲಿತ್ತು?"

"ನಿಮ್ಮ ಕಪಾಟಿನಲ್ಲಿ."

"ನನಗೆ ಓದಲು ಬರುವುದಿಲ್ಲ ಎಂದುಕೊಂಡೆಯಾ? ನೀನು ಸೇರಿದ ದಿನವೇ ನೋಡಿದೆ. ಬಾಂಬೆ, ದಮ್ಮಾಮ್, ಬಾಂಬೆ, ದಮ್ಮಾಮ್. ಐಸ್‌ಲ್ಯಾಂಡ್ ಎಲ್ಲೂ ಇರಲಿಲ್ಲ."

ನಾನು ಕುರ್ಚಿ ಹಿಡಿದುಕೊಂಡೆ. ಹನ್ನೊಂದು ವರ್ಷ ಬೆವರಿದ ಅಂಗೈ ಅದು. "ಹಾಗಾದರೆ ಯಾಕೆ ಇಟ್ಟುಕೊಂಡಿರಿ?"

"ಅದೇ ವಾರ ಇಬ್ಬರನ್ನು ನೋಡಿದ್ದೆ. ನಿಜವಾಗಿ ಹೋಗಿ ಬಂದವರು. ಒಬ್ಬ ಹೋಟೆಲಿನ ತಿಂಡಿಯ ಬಗ್ಗೆ ಹೇಳಿದ, ಇನ್ನೊಬ್ಬ ಏರ್‌ಪೋರ್ಟಿನ ಬಗ್ಗೆ. ನೀನು ಮಾತಾಡಿದರೆ ನನಗೆ ಇಲ್ಲಿ ಕೂತಲ್ಲೇ ಚಳಿಯಾಗುತ್ತಿತ್ತು." ಆಮೇಲೆ ದನಿ ಗಟ್ಟಿ ಮಾಡಿದರು. "ಆದರೆ ಆ ಜಾಕೆಟ್‌ಗಳಿಗೆ ಕ್ಷಮೆ ಇಲ್ಲ. ಇನ್ನು ಮೇಲೆ ಬಟ್ಟೆಯನ್ನು ಗಾಳಿ, ನೀರು ಎರಡರಲ್ಲೂ ಪರೀಕ್ಷೆ ಮಾಡದೆ ಯಾರಿಗೂ ಕೊಡಬೇಡ."

ಹಾಗೆಯೇ ಮಾಡಿದೆವು. ಹಮೀದನ ಅಂಗಳದಲ್ಲಿ ದೊಡ್ಡ ಫ್ಯಾನ್ ಇಟ್ಟು, ಮೀನು ತೊಳೆಯುವ ಪೈಪಿನಿಂದ ನೀರು ಬಿಟ್ಟು, ಡೆಸ್ಕಿಗೆ ಹೊಸದಾಗಿ ಸೇರಿದವರನ್ನೇ ನಡುವೆ ನಿಲ್ಲಿಸುತ್ತಿದ್ದೆವು. ಪೈಪು ಹಿಡಿಯುವ ಕೆಲಸವನ್ನು ಹಮೀದ್ ಯಾರಿಗೂ ಬಿಟ್ಟುಕೊಡಲಿಲ್ಲ. ನಾನು ನಿವೃತ್ತನಾಗುವವರೆಗೂ ಅದು ನಡೆಯಿತು.

ಎಲ್ಲ ಒಪ್ಪಿಸಿದ ಆ ದಿನ ನಾನು ಬಾಗಿಲವರೆಗೆ ಹೋಗಿದ್ದೆ. ಮುದೀರ್ ಹಿಂದಿನಿಂದ ಕರೆದರು. ಅವರ ದನಿ ಯಾಕೋ ಸಣ್ಣದಾಗಿತ್ತು.

"ಆ ವಾಸನೆ... ನಿಜವಾಗಿ ಇಲ್ಲವೇ ಇಲ್ಲವಾ?"

"ಇಲ್ಲ ಮುದೀರ್. ಮಂಜುಗಡ್ಡೆಗೆ ಯಾವ ವಾಸನೆಯೂ ಇಲ್ಲ."

ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಆಗ ಹೊರಬಂತು. ಅಡ್ಡಗೋಡೆಯ ಹಿಂದೆ ಅವರು ನಿಲ್ಲುತ್ತಿದ್ದದ್ದು ನನ್ನನ್ನು ಕಾಯಲಿಕ್ಕಲ್ಲ. ಕೇಳಿದ್ದನ್ನೆಲ್ಲ ಹೋಗಿ ಮಾವನ ಮನೆಯ ಮಜ್ಲಿಸಿನಲ್ಲಿ, ಅತಿಥಿಗಳೆಲ್ಲ ಕೂತಿರುವಾಗ, ತಾವೇ ಹೋಗಿ ಬಂದವರಂತೆ ಹೇಳುತ್ತಿದ್ದರು. ಮೀನಿನ ವಾಸನೆಯ ಭಾಗವೇ ಮಾವನಿಗೆ ಬಹಳ ಇಷ್ಟವಂತೆ. ನಮ್ಮ ಮುದೀರ್ ಇವತ್ತಿಗೂ ಜೆಡ್ಡಾದಿಂದ ಆಚೆ ಹೋದವರಲ್ಲ!

ನಾನು ಸಾಕ್ಷಿಗೆಂದು ತಂದಿದ್ದ ಆ ಕಿತ್ತಳೆ ಕೋಟನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟೆ. ಅವರು ಮೂಸಿ ನೋಡಿದರು. ಮುಖ ಅರಳಿತು.

ಈಗ ನಾನು ಥುಕ್ಬಾದಲ್ಲೇ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹಿರಿಯ ಮಗಳ ಮನೆಯಲ್ಲಿದ್ದೇನೆ. ಕೋಟು ಮುದೀರರ ಮಜ್ಲಿಸಿನ ಗೋಡೆಯ ಮೇಲಿರುತ್ತದೆ. ಬಂದವರೆಲ್ಲ ಅದನ್ನು ಮೂಸಿ ಐಸ್‌ಲ್ಯಾಂಡ್ ಹೀಗಿದೆಯೇ ಎಂದು ಬೆರಗಾಗುತ್ತಾರಂತೆ. ಮೊನ್ನೆ ಹಮೀದನ ಕಡೆ ಹೋಗಿದ್ದೆ. ಒಳಗೆ ಅಂಜಲಿನ ಪೆಟ್ಟಿಗೆಗಳ ಮೇಲೆ ಕಿತ್ತಳೆ ಬಣ್ಣದ್ದು ಏನೋ ಹರಡಿತ್ತು.

"ಇದೆಂತ ಹಮೀದ್?" ಎಂದೆ.

"ನಿಮ್ಮ ಮುದೀರರದ್ದೇ ಮಾರಾಯ್ರೆ" ಎಂದ. "ವಾಸನೆ ಕಡಿಮೆ ಆಯ್ತಂತೆ. ಎರಡು ದಿನ ಇಲ್ಲಿಟ್ಟು ಕಳಿಸ್ಲಿಕ್ಕೆ ಹೇಳಿದ್ದಾರೆ."